ಅಪ್ಪಯ್ಯ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ: ಇದು ವಯಸ್ಸಿನ ಬೇಸರವೋ, ಇನ್ನೊಂದು ಕಾಯಿಲೆಯೋ?

ತೋಟದಂಚು, ಶಿರಸಿ

ಅಪ್ಪಯ್ಯನಿಗೆ 74 ವರ್ಷ. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಯಿತು. ನಾಲ್ಕು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದಾರೆ, ಈಗ ಹೃದಯದ ಬಲವೇ ಕುಗ್ಗಿದೆ. ಕಾಲು ಬಾತು, ಮಲಗಿದರೆ ಉಸಿರು ಕಟ್ಟಿ, ಈ ಮಳೆಗಾಲದಲ್ಲಿಯೇ ಮೂರನೆಯ ಸಲ ಆಸ್ಪತ್ರೆ ಸೇರಿದ್ದಾರೆ. ಈ ಸಲ ಘಟ್ಟ ಇಳಿದು ದೂರದ ದೊಡ್ಡ ಆಸ್ಪತ್ರೆಗೆ ಕರೆತಂದಿದ್ದೇವೆ. ಇವತ್ತಿಗೆ ಹನ್ನೊಂದು ದಿನ.

ಉಸಿರಾಟ ಸುಧಾರಿಸಿದೆ, ಬಾವು ಇಳಿದಿದೆ, ರಿಪೋರ್ಟುಗಳೆಲ್ಲ ಚೆನ್ನಾಗಿ ಬರುತ್ತಿವೆ. ಅಪ್ಪಯ್ಯ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದ್ದಾರೆ. ನಲವತ್ತು ವರ್ಷದಿಂದ ಅಂಗಳದ ಮಳೆಮಾಪಕದ ನೀರನ್ನು ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಮನುಷ್ಯ. ಮೊನ್ನೆ ಒಂದೇ ರಾತ್ರಿ ಹನ್ನೊಂದು ಸೆಂಟಿಮೀಟರ್ ಸುರಿಯಿತು ಎಂದು ನನ್ನ ತಮ್ಮ ಫೋನ್ ಮಾಡಿ ಹೇಳಿದರೆ ‘ಹೂಂ’ ಎಂದರು. ಮಳೆ ಬಿಡದೆ ಅಡಿಕೆಯ ಕೊಳೆ ರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಸಲು ಆಗಲಿಲ್ಲ ಎಂದರೂ ‘ಹೂಂ’. ಅಡಿಕೆ ಬೆಳೆಯುವವರಿಗೆ ಗೊತ್ತು, ಆ ಸುದ್ದಿಗೆ ಯಾರೂ ಹಾಗೆ ಹೂಂಗುಡುವುದಿಲ್ಲ.

ವಾರ್ಡಿನ ಕಿರಿಯ ವೈದ್ಯರಿಗೆ ಹೇಳಿದೆ. ‘ವಯಸ್ಸಾಗಿದೆ, ಇಷ್ಟೆಲ್ಲ ಕಾಯಿಲೆ ಇದೆ, ಬೇಸರ ಸಹಜ’ ಎಂದರು. ಪಕ್ಕದ ಹಾಸಿಗೆಯವರ ಮಗನೂ ಅದನ್ನೇ ಹೇಳಿದ. ಮಾವ ಫೋನಿನಲ್ಲಿ ಅದನ್ನೇ ಹೇಳಿದರು. ನಿಜ ಹೇಳಬೇಕೆಂದರೆ ನಾನೂ ಆಯಿಗೆ, ಅಂದರೆ ಅಮ್ಮನಿಗೆ, ಅದನ್ನೇ ಹೇಳಿ ಸಮಾಧಾನ ಮಾಡಿದ್ದೇನೆ. ನಿನ್ನೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಅಪ್ಪಯ್ಯ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ‘ನಿದ್ರೆ ಬರಲಿಲ್ಲವೇ?’ ಎಂದೆ. ‘ನೀನು ಮನೆಗೆ ಹೋಗು ಮಾಣಿ. ಇಲ್ಲಿ ಕಾಯುವಂಥದ್ದು ಏನೂ ಉಳಿದಿಲ್ಲ’ ಎಂದರು. ಆ ಮಾತು ಕೇಳಿದಾಗಿನಿಂದ ‘ಸಹಜ’ ಎಂಬ ಶಬ್ದದ ಮೇಲೆ ನನಗೆ ನಂಬಿಕೆ ಹೋಗಿದೆ. ಇಂಥದ್ದನ್ನು ಕಂಡವರು ಯಾರಾದರೂ ಇದ್ದರೆ ಬರೆಯಿರಿ.

ಹಳೆಯ ವಾರ್ಡಿನವಳು, ಕುಮಟಾ

ತಮ್ಮಾ, ನಾನು ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಅದರಲ್ಲಿ ಹೆಚ್ಚಿನ ಕಾಲ ಗಂಡಸರ ಮೆಡಿಕಲ್ ವಾರ್ಡಿನಲ್ಲಿ. ಗೋಡೆಯ ಕಡೆ ತಿರುಗಿ ಮಲಗುವವರನ್ನು ಬಹಳ ನೋಡಿದ್ದೇನೆ. ನಮ್ಮ ಪಾಲಿಗೆ ಅವರು ‘ಒಳ್ಳೆಯ ಪೇಷಂಟ್’ ಆಗಿದ್ದರು. ಕರೆಯುವುದಿಲ್ಲ, ಕೂಗುವುದಿಲ್ಲ, ಕೊಟ್ಟ ಮಾತ್ರೆ ನುಂಗುತ್ತಾರೆ. ಮೂವತ್ತು ಹಾಸಿಗೆಗೆ ಇಬ್ಬರು ನರ್ಸ್ ಇದ್ದಾಗ ಕೂಗುವವರ ಹತ್ತಿರ ಓಡುತ್ತಿದ್ದೆವು, ಸುಮ್ಮನಿದ್ದವರು ಸುಮ್ಮನೆ ಉಳಿದುಬಿಡುತ್ತಿದ್ದರು. ಆ ನೋವು ನನಗೆ ಈಗಲೂ ಇದೆ.

ನೀವು ಗಮನಿಸಬೇಕಾದದ್ದು ಒಂದಿದೆ. ಹೃದಯದ ಕಾಯಿಲೆಯವರಿಗೆ ಸುಸ್ತು ಇರುತ್ತದೆ, ಹಸಿವು ಇರುವುದಿಲ್ಲ, ನಿದ್ರೆ ಕೆಡುತ್ತದೆ. ಖಿನ್ನತೆಗೂ ಇವೇ ಲಕ್ಷಣಗಳು. ಹಾಗಾಗಿ ಇವುಗಳಿಂದ ಏನೂ ತಿಳಿಯುವುದಿಲ್ಲ. ಮಾತಿನಲ್ಲಿ ತಿಳಿಯುತ್ತದೆ. ‘ಊಟ ಸೇರುವುದಿಲ್ಲ’ ಎನ್ನುವುದು ಹೊಟ್ಟೆಯ ಮಾತು. ‘ನನಗೆ ಯಾಕೆ ಊಟ ಹಾಕುತ್ತೀರಿ’ ಎನ್ನುವುದು ಬೇರೆಯೇ ಮಾತು. ಮೊಮ್ಮಗು ಬಂದಾಗ ಒಂದು ಗಳಿಗೆಯಾದರೂ ಮುಖ ಅರಳುತ್ತದೆಯೇ ನೋಡಿ. ದಣಿದವರ ಮುಖ ಅರಳಿ ಮತ್ತೆ ಬಾಡುತ್ತದೆ. ಖಿನ್ನತೆ ಬಂದವರ ಮುಖ ಎಷ್ಟೋ ಸಲ ಅರಳುವುದೇ ಇಲ್ಲ.

ಹಿರಿಯರಿಗಾಗಿಯೇ ಮಾಡಿದ ಪ್ರಶ್ನಾವಳಿಯೊಂದಿದೆ. 1980ರ ದಶಕದಲ್ಲಿ ರೂಪಿಸಿದ್ದು, ಮೊದಲು 30 ಪ್ರಶ್ನೆ, ಅನಂತರ 15ಕ್ಕೆ ಇಳಿಸಿದರು. ಹೌದು, ಇಲ್ಲ ಎಂದರೆ ಸಾಕು. ಅದರಲ್ಲಿ ಹಸಿವು, ನಿದ್ರೆಯನ್ನು ಕೇಳುವುದೇ ಇಲ್ಲ. ಜೀವನ ತೃಪ್ತಿ ಕೊಟ್ಟಿದೆಯೇ, ಬದುಕು ಬರಿದಾಗಿದೆ ಅನ್ನಿಸುತ್ತದೆಯೇ, ಈಗಿರುವ ಸ್ಥಿತಿಯಲ್ಲಿ ತಾನು ಕೆಲಸಕ್ಕೆ ಬಾರದವನು ಅನ್ನಿಸುತ್ತದೆಯೇ, ಇಂಥವು. ಐದಕ್ಕಿಂತ ಹೆಚ್ಚು ಅಂಕ ಬಂದರೆ ವೈದ್ಯರು ಕೂತು ಮಾತನಾಡಬೇಕು ಎಂದು ಅರ್ಥ. ಅದೇ ರೋಗನಿರ್ಣಯವಲ್ಲ. ಕೇಳುವಾಗ ಎದುರಿಗೆ ಸೊಸೆ, ನೆಂಟರು, ಹಣ್ಣು ಹಿಡಿದು ಬಂದವರು ಯಾರೂ ಇರಬಾರದು. ನಮ್ಮ ಕಡೆಯ ಹಿರಿಯರು ನಾಲ್ಕು ಜನರ ಎದುರು ‘ಆರಾಮ ಇದ್ದೇನೆ’ ಎಂದೇ ಹೇಳುತ್ತಾರೆ.

ಅಂಕೋಲೆಯ ಮೇಷ್ಟರು

ನನಗೂ 72 ಆಯಿತು, ಬೈಪಾಸ್ ಆಗಿದೆ, ಒಂದು ಕಿವಿ ಕೇಳುವುದಿಲ್ಲ. ಹಾಗಾಗಿ ಹಾಸಿಗೆಯ ಈ ಕಡೆಯಿಂದ ಎರಡು ಮಾತು.

ದುಃಖವನ್ನೆಲ್ಲ ಕಾಯಿಲೆ ಎಂದು ಕರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ತೋಟವನ್ನು ಕಾಲಿನಿಂದ ಅಳೆದ ಮನುಷ್ಯ ಈಗ ಮೂತ್ರಕ್ಕೂ ಮಗನನ್ನು ಎಬ್ಬಿಸಬೇಕು. ಆತ ಖುಷಿಯಾಗಿರಬೇಕೇ? ನನ್ನ ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ತಿಂಗಳು ನಾನೂ ಯಾರ ಹತ್ತಿರವೂ ಮಾತನಾಡಲಿಲ್ಲ. ಆಮೇಲೆ ತಾನಾಗಿ ಸರಿಹೋಯಿತು. ಈಗಾಗಲೇ ದಿನಕ್ಕೆ ಹನ್ನೆರಡು ಮಾತ್ರೆ ನುಂಗುವವನಿಗೆ ಹದಿಮೂರನೆಯದನ್ನು ಕೊಡುವ ಮೊದಲು, ಆತನಿಗೆ ಏನು ಕಳೆದುಹೋಗಿದೆ ಎಂದು ಯಾರಾದರೂ ಕೇಳಿದ್ದಾರೆಯೇ?

ಇನ್ನೊಂದು. 2022ರ ಜುಲೈಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂದು ನಾವೆಲ್ಲ ದನಿ ಎತ್ತಿದ್ದು ಅಪಘಾತ ಮತ್ತು ಹೃದಯಾಘಾತದ ತುರ್ತಿಗಾಗಿ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವಾಗ ದಾರಿಯಲ್ಲಿ ಜೀವ ಹೋಗುತ್ತದೆ ಎಂಬುದು ನಮ್ಮ ಮಾತಾಗಿತ್ತು. ತಲುಪಿದ ಮೇಲೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಊರಿನ ಆಸ್ಪತ್ರೆಯಲ್ಲಿದ್ದರೆ ಸಂಜೆಗೆ ನಾಲ್ಕು ಜನ ಬಂದು ಅಡಿಕೆ ದರ, ತಾಳಮದ್ದಳೆ ಎಂದು ಮಾತನಾಡಿ ಹೋಗುತ್ತಾರೆ. ನೂರಾರು ಕಿಲೋಮೀಟರ್ ದೂರದಲ್ಲಿ ಯಾರು ಬರುತ್ತಾರೆ?

ಹೊನ್ನಾವರದ ವೈದ್ಯ

ಮೇಷ್ಟರ ಮಾತಿನಲ್ಲಿ ಅರ್ಧವನ್ನು ಪೂರ್ತಿ ಒಪ್ಪುತ್ತೇನೆ. ಉಳಿದರ್ಧಕ್ಕೆ ಉತ್ತರ ಕೊಡುತ್ತೇನೆ. ನಾನು ಮನೋವೈದ್ಯನಲ್ಲ, ಸಾಮಾನ್ಯ ಫಿಜಿಶಿಯನ್.

ಮೇಷ್ಟರೇ, ನಿಮ್ಮದು ತಾನಾಗಿ ಸರಿಹೋಯಿತು, ಸಂತೋಷ. ಎಲ್ಲರದೂ ಹಾಗೆ ಹೋಗುವುದಿಲ್ಲ. 2017-18ರಲ್ಲಿ ನಡೆದ ದೇಶದ ವೃದ್ಧಾಪ್ಯ ಸಮೀಕ್ಷೆಯಲ್ಲಿ 60 ದಾಟಿದವರ ಪೈಕಿ ಶೇ 8.3 ಮಂದಿಗೆ ಖಿನ್ನತೆ ಇರಬಹುದು ಎಂದು ಪ್ರಶ್ನಾವಳಿಯಿಂದ ಕಂಡುಬಂತು. ಅದೇ ಜನರಲ್ಲಿ, ತಮಗೆ ಖಿನ್ನತೆ ಇದೆ ಎಂದು ವೈದ್ಯರಿಂದ ಕೇಳಿದವರು ಶೇ 0.8. ಅಂದರೆ ಖಿನ್ನತೆ ಇರಬಹುದಾದ ಹತ್ತರಲ್ಲಿ ಒಂಬತ್ತು ಮಂದಿಗೆ ಅದರ ಹೆಸರೇ ಗೊತ್ತಿಲ್ಲ. ಇದು ಊರಿನಲ್ಲಿ, ಮನೆಯಲ್ಲಿ ಇರುವವರ ಲೆಕ್ಕ. ದೀರ್ಘ ಕಾಯಿಲೆಯಿಂದ ಆಸ್ಪತ್ರೆ ಸೇರಿದವರಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚೇ ಇರುತ್ತದೆ.

ಮಾಂಟ್ರಿಯಲ್‌ನಲ್ಲಿ ಹೃದಯಾಘಾತವಾಗಿ ಬದುಕಿದ 222 ಜನರನ್ನು ಆರು ತಿಂಗಳು ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಖಿನ್ನತೆ ಇದ್ದವರಲ್ಲಿ ಸಾವು ಬಹಳ ಹೆಚ್ಚಾಗಿತ್ತು, ಹೃದಯ ಎಷ್ಟು ಹಾಳಾಗಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಹೆದರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಮಾತ್ರೆ ತಪ್ಪುತ್ತದೆ, ಉಪ್ಪಿನ ಪಥ್ಯ ಬಿಟ್ಟುಹೋಗುತ್ತದೆ, ನಡಿಗೆ ನಿಲ್ಲುತ್ತದೆ, ಮತ್ತೆ ಕಾಲು ಬಾತು ಆಸ್ಪತ್ರೆಗೆ ಬರುತ್ತಾರೆ. ಮಳೆಗಾಲದಲ್ಲಿಯೇ ಮೂರು ಸಲ ಎಂದು ಬರೆದಿದ್ದೀರಿ. ಮನೆಯಲ್ಲಿ ಮಾತ್ರೆ ಸರಿಯಾಗಿ ನುಂಗುತ್ತಿದ್ದರೇ ಎಂದು ನೋಡಿ.

ಮೊದಲು ಕೆಲವು ರಕ್ತಪರೀಕ್ಷೆ ಆಗಬೇಕು. ಥೈರಾಯ್ಡ್, ಹಿಮೋಗ್ಲೋಬಿನ್, ಸೋಡಿಯಂ, ವಿಟಮಿನ್ ಬಿ12. ಕೊನೆಯದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಹೆಚ್ಚು, ಸಕ್ಕರೆಗೆ ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಇನ್ನೂ ಹೆಚ್ಚು. ಅದು ಕಡಿಮೆಯಾದರೆ ಮಂಕು ಕವಿಯುತ್ತದೆ, ಮರೆವು ಬರುತ್ತದೆ. ಅನಂತರ ಮಾತ್ರೆಗಳ ಪಟ್ಟಿಯನ್ನು ಒಮ್ಮೆ ನೋಡಬೇಕು. ಸ್ಟೀರಾಯ್ಡ್‌ನಂಥವು ಮನಸ್ಸನ್ನು ಏರುಪೇರು ಮಾಡಬಲ್ಲವು.

ಇನ್ನು ಹದಿಮೂರನೆಯ ಮಾತ್ರೆ. ಹೃದಯಾಘಾತವಾದವರಲ್ಲಿ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ ಸುರಕ್ಷಿತ ಎಂದು 2002ರಲ್ಲಿ ತೋರಿಸಿದ್ದಾರೆ. ಆದರೆ ಹೃದಯದ ಬಲವೇ ಕುಗ್ಗಿರುವವರಲ್ಲಿ ಮಾತ್ರೆಯ ಕಥೆ ಅಷ್ಟು ನೇರವಾಗಿಲ್ಲ. 2010ರಲ್ಲಿ ಸರ್ಟ್ರಲೀನ್, 2016ರಲ್ಲಿ ಅದೇ ಬಗೆಯ ಎಸ್ಸಿಟಲೋಪ್ರಾಮ್, ಎರಡನ್ನೂ ಔಷಧವಿಲ್ಲದ ಹುಸಿಮಾತ್ರೆಯ ಜೊತೆ ಹೋಲಿಸಿ ನೋಡಿದರು. ಖಿನ್ನತೆ ಎರಡೂ ಗುಂಪಿನಲ್ಲಿ ಸರಿಸುಮಾರು ಒಂದೇ ರೀತಿ ಇಳಿಯಿತು. 2015ರ ಇನ್ನೊಂದು ಅಧ್ಯಯನದಲ್ಲಿ ಅಂಥವರಿಗೇ ಮಾತಿನ ಚಿಕಿತ್ಸೆ ಕೊಟ್ಟಾಗ ಸ್ಪಷ್ಟವಾಗಿ ಉಪಯೋಗವಾಯಿತು. ಹಾಗೆಂದು ಮಾತ್ರೆ ಬೇಡವೇ ಬೇಡ ಎಂದಲ್ಲ. ಖಿನ್ನತೆ ತೀವ್ರವಾಗಿದ್ದರೆ, ಹಿಂದೆ ಬಂದುಹೋಗಿದ್ದರೆ, ಊಟವನ್ನೇ ಬಿಟ್ಟಿದ್ದರೆ ಬೇಕಾಗುತ್ತದೆ. ಕೊಟ್ಟರೆ ಎರಡು ಎಚ್ಚರ: ಮೈಯ ನೀರು ಮೂತ್ರದಲ್ಲಿ ಹೋಗುವ ಮಾತ್ರೆಯ ಜೊತೆ ಸೇರಿ ಸೋಡಿಯಂ ಕುಸಿಯಬಹುದು, ಹಾಗಾಗಿ ಒಂದೆರಡು ವಾರದಲ್ಲಿ ರಕ್ತ ನೋಡಬೇಕು. ಆಸ್ಪಿರಿನ್ ಜೊತೆ ಇದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚು. ಮೂರು ದಿನಕ್ಕೆ ಗುಣ ಕಾಣುವ ಮಾತ್ರೆಯೂ ಇದಲ್ಲ, ವಾರಗಳು ಬೇಕು.

ಕೊನೆಯದಾಗಿ, ‘ಕಾಯುವಂಥದ್ದು ಏನೂ ಉಳಿದಿಲ್ಲ’ ಎಂಬ ಮಾತನ್ನು ಹಾಗೆಯೇ ಬಿಡಬೇಡಿ. ‘ಬದುಕುವುದೇ ಬೇಡ ಅನ್ನಿಸುತ್ತದೆಯೇ?’ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಹಾಗೆ ಆಗುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರಿಗೆ ಹೇಳಿ. ಮನೆಗೆ ಕರೆದೊಯ್ಯುವ ಮೊದಲು ತೋಟದ ಔಷಧಿಗಳನ್ನೂ ಉಳಿದ ಹಳೆಯ ಮಾತ್ರೆಗಳನ್ನೂ ಬೀಗದ ಒಳಗೆ ಇಡಿ. 14416 ಟೆಲಿ ಮನಸ್ ಸಹಾಯವಾಣಿ, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲು ರಾತ್ರಿ, ಕನ್ನಡದಲ್ಲಿಯೇ ಮಾತನಾಡಬಹುದು.

ತೋಟದಂಚು, ಶಿರಸಿ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಮಧ್ಯಾಹ್ನ ಆಯಿ ಊಟಕ್ಕೆ ಇಳಿದಾಗ ಕೇಳಿದೆ. ಹದಿನೈದು ಪ್ರಶ್ನೆ ಕೇಳುವ ಧೈರ್ಯವಾಗಲಿಲ್ಲ. ವೈದ್ಯರು ಹೇಳಿದ ಒಂದನ್ನೇ ಕೇಳಿದೆ. ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದರು. ‘ಸಾಯಬೇಕು ಎಂದಿಲ್ಲ. ಬೆಳಿಗ್ಗೆ ಎಚ್ಚರವಾಗದಿದ್ದರೆ ಒಳ್ಳೆಯದಿತ್ತು ಎಂದು ದಿನವೂ ಅನ್ನಿಸುತ್ತದೆ’ ಎಂದರು. ಆಮೇಲೆ ತಾವೇ ಮುಂದುವರಿಸಿದರು. ನಾನೂ ನನ್ನ ತಮ್ಮನೂ ಹಾಸಿಗೆಯ ಪಕ್ಕದಲ್ಲಿಯೇ ನಿಂತು ಬಿಲ್ಲಿನ ಲೆಕ್ಕ ಮಾತನಾಡಿದ್ದೆವಂತೆ. ಕಳೆದ ಸಲದ ಅಡಿಕೆ ಮಾರಿದ ದುಡ್ಡಿನಲ್ಲಿ ಎಷ್ಟು ಉಳಿಯಿತು ಎಂದು. ಅವರು ನಿದ್ರೆಯಲ್ಲಿದ್ದಾರೆ ಎಂದುಕೊಂಡಿದ್ದೆವು. ‘ನನ್ನ ಹೃದಯಕ್ಕೆ ಎರಡು ವರ್ಷದ ಫಸಲು ಹೋಯಿತು, ಇನ್ನು ಮೊಮ್ಮಕ್ಕಳ ಪಾಲನ್ನೂ ತಿನ್ನಲೇ?’ ಎಂದರು.

ನನಗೆ ಮಾತು ಹೊರಡಲಿಲ್ಲ. ವಾರ್ಡಿನ ಹಿರಿಯ ವೈದ್ಯರಿಗೆ ಅಪ್ಪಯ್ಯ ಆಡಿದ ಮಾತನ್ನೇ ಯಥಾವತ್ತಾಗಿ ಹೇಳಿದೆ. ಅವರು ಕುರ್ಚಿ ಎಳೆದು ಕೂತರು. ಹನ್ನೆರಡು ದಿನದಲ್ಲಿ ವೈದ್ಯರೊಬ್ಬರು ಆ ಹಾಸಿಗೆಯ ಪಕ್ಕ ಕೂತದ್ದು ಅದೇ ಮೊದಲು. ನಾಳೆ ಮನೋವೈದ್ಯರು ಬರುತ್ತಾರೆ. ಬಿ12ಗೆ ರಕ್ತ ಹೋಗಿದೆ.

ಕಾಳಿತೀರ, ಕಾರವಾರ

ನನ್ನ ತಾಯಿಗೆ 68. ಮೂತ್ರಪಿಂಡ ಕೆಲಸ ಮಾಡುವುದಿಲ್ಲ, ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಎರಡನೆಯ ವರ್ಷ ನಡೆಯುತ್ತಿದೆ. ನಮ್ಮದು ಮನೆಯಲ್ಲಿ ಕೊಂಕಣಿ. ಅಮ್ಮ ಮೀನು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಕೂತವರು, ವ್ಯಾಪಾರಕ್ಕೆ ಬೇಕಾದಷ್ಟು ಕನ್ನಡ ಚೆನ್ನಾಗಿ ಬರುತ್ತದೆ. ಮನಸ್ಸಿನ ಮಾತಿಗೆ ಆ ಕನ್ನಡ ಸಾಲುವುದಿಲ್ಲ. ಆಪ್ತಸಮಾಲೋಚಕರು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ‘ಇಲ್ಲ, ಇಲ್ಲ, ಆರಾಮ’ ಎಂದುಬಿಟ್ಟರು. ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಕೊಂಕಣಿಯಲ್ಲಿ ‘ಜೀವಕ್ಕೆ ಸಾಕಾಗಿದೆ, ಮುಂದಿನ ವಾರದಿಂದ ಬರುವುದಿಲ್ಲ’ ಎಂದರು. ಅತ್ತೂ ಇಲ್ಲ. ಮೀನಿನ ದರ ಹೇಳಿದ ಹಾಗೆ ಹೇಳಿದರು.

ಇದು ಖಿನ್ನತೆಯೇ, ಅಥವಾ ಅಮ್ಮ ಯೋಚಿಸಿ ಆಡಿದ ಮಾತೇ? ನಾನು ತಡೆಯಬೇಕೇ, ಒಪ್ಪಬೇಕೇ? ಮೂರು ವಾರದಿಂದ ಇದೊಂದೇ ಪ್ರಶ್ನೆ.

ಹೊನ್ನಾವರದ ವೈದ್ಯ

ತಂಗಿ, ಇದಕ್ಕಿಂತ ಕಷ್ಟದ ಪ್ರಶ್ನೆ ನಮ್ಮ ಕೆಲಸದಲ್ಲಿ ಇಲ್ಲ. ಎರಡೂ ಇರಬಹುದು. ನಾನಾದರೆ ಹೀಗೆ ನೋಡುತ್ತೇನೆ: ಅಮ್ಮ ಈ ಮಾತನ್ನು ಡಯಾಲಿಸಿಸ್ ಆದ ದಿನ ಮಾತ್ರ ಆಡುತ್ತಾರೆಯೇ, ಬಿಡುವಿನ ದಿನವೂ ಆಡುತ್ತಾರೆಯೇ? ಯಂತ್ರದಿಂದ ಎದ್ದ ದಿನ ರಕ್ತದೊತ್ತಡ ಇಳಿದು, ಸ್ನಾಯು ಸೆಳೆದು, ಜೀವ ಹಿಂಡಿದಂತಾಗಿರುತ್ತದೆ. ಆ ದಿನದ ಮಾತಿನ ಮೇಲೆ ದೊಡ್ಡ ತೀರ್ಮಾನ ಬೇಡ. ಸಾಕು ಎನ್ನುವವರಿಗೆ ಉಳಿದ ವಿಷಯಗಳಲ್ಲಿ ಇನ್ನೂ ಆಸಕ್ತಿ ಇದೆಯೇ, ಮಕ್ಕಳ ಮೇಲೆ ಪ್ರೀತಿ, ಸಿಟ್ಟು ಇದೆಯೇ, ತನ್ನನ್ನು ತಾನೇ ಹಳಿದುಕೊಳ್ಳುತ್ತಾರೆಯೇ ಎಂಬುದನ್ನೂ ನೋಡಬೇಕು. ಎಲ್ಲದರ ಮೇಲೂ ಪರದೆ ಬಿದ್ದಿದ್ದರೆ ಮೊದಲು ಖಿನ್ನತೆಗೆ ಚಿಕಿತ್ಸೆ ಆಗಲಿ. ಡಯಾಲಿಸಿಸ್‌ನಲ್ಲಿರುವ 120 ಜನರಿಗೆ ಮಾತಿನ ಚಿಕಿತ್ಸೆ ಅಥವಾ ಸರ್ಟ್ರಲೀನ್ ಕೊಟ್ಟು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹನ್ನೆರಡು ವಾರದಲ್ಲಿ ಎರಡೂ ಗುಂಪಿನವರು ಸುಧಾರಿಸಿದರು, ಮಾತ್ರೆಯವರು ತುಸು ಹೆಚ್ಚು, ಅಡ್ಡಪರಿಣಾಮವೂ ಅವರಲ್ಲೇ ಹೆಚ್ಚು. ಮನಸ್ಸು ತಿಳಿಯಾದ ಮೇಲೂ ಅಮ್ಮ ಅದೇ ಮಾತನ್ನು ನಿಧಾನವಾಗಿ, ದಿನ ಬದಲಾದರೂ ಬದಲಾಗದೆ ಹೇಳಿದರೆ, ಅದು ಅವರ ತೀರ್ಮಾನ. ಆಗ ಅದನ್ನು ಕೇಳಿಸಿಕೊಳ್ಳುವ, ನೋವಿಲ್ಲದಂತೆ ನೋಡಿಕೊಳ್ಳುವ ವೈದ್ಯರು ಬೇಕು.

ಆಪ್ತಸಮಾಲೋಚನೆ ಕೊಂಕಣಿಯಲ್ಲಿಯೇ ಆಗಬೇಕು ಎಂದು ಹಟ ಹಿಡಿದು ಕೇಳಿ. ಭಾಷಾಂತರಕ್ಕೆ ನೀವು ಕೂರಬೇಡಿ. ಮಗಳ ಬಾಯಿಂದ ‘ಸಾಯಬೇಕು ಅನ್ನಿಸುತ್ತದೆಯೇ’ ಎಂಬ ಪ್ರಶ್ನೆ ಬಂದರೆ ತಾಯಿ ಇಲ್ಲವೆಂದೇ ಹೇಳುತ್ತಾಳೆ.

ಮಾಜಾಳಿಯವಳು

ಕಾಳಿತೀರ ಅಕ್ಕ, ನಾನು ಗಡಿಯಾಚೆ ಗೋವಾದಲ್ಲಿ ಆರೋಗ್ಯ ಕಾರ್ಯಕರ್ತೆ. ಅಲ್ಲಿ ಕೊಂಕಣಿಯಲ್ಲಿ ಆಪ್ತಸಮಾಲೋಚನೆ ಮಾಡುವವರು ಸಿಗುತ್ತಾರೆ. ನಿಮಗೆ ಖಾಸಗಿಯಾಗಿ ಬರೆಯುತ್ತೇನೆ.

ಇಲ್ಲಿ ಎಲ್ಲರಿಗೂ ಒಂದು ವಿಷಯ ಹೇಳಬೇಕು. ನಮ್ಮ ಪಕ್ಕದಲ್ಲಿಯೇ ನಡೆದ ಕೆಲಸವಾದರೂ ಈ ಕಡೆ ಹೆಚ್ಚು ಜನರಿಗೆ ಗೊತ್ತಿಲ್ಲ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 60 ದಾಟಿದ 181 ಜನರನ್ನು ಆರಿಸಿದರು. ಎಲ್ಲರಿಗೂ ಖಿನ್ನತೆಯ ಮುನ್ಸೂಚನೆ ಇತ್ತು, ಪೂರ್ಣ ಖಿನ್ನತೆ ಇರಲಿಲ್ಲ. ಅರ್ಧದಷ್ಟು ಜನರ ಮನೆಗೆ ತರಬೇತಿ ಪಡೆದ ಸಾಮಾನ್ಯ ಜನರೇ ಹೋದರು, ವೈದ್ಯರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಎದುರಿಗಿರುವ ತೊಂದರೆಗಳಲ್ಲಿ ಒಂದನ್ನು ಆರಿಸಿ ಅದನ್ನು ಬಿಡಿಸುವ ದಾರಿಯನ್ನು ಕೂತು ಹುಡುಕುವುದು, ನಿದ್ರೆಯನ್ನು ಸರಿಪಡಿಸುವುದು, ಸಕ್ಕರೆ ಕಾಯಿಲೆಯಂಥ ದೀರ್ಘ ರೋಗವನ್ನು ನೋಡಿಕೊಳ್ಳುವುದನ್ನು ಕಲಿಸುವುದು, ಸರ್ಕಾರದ ಪಿಂಚಣಿ ಸೌಲಭ್ಯ ಸಿಗುವಂತೆ ಮಾಡುವುದು, ಇಷ್ಟೇ. ಒಂದು ವರ್ಷದ ಕೊನೆಗೆ ಭೇಟಿ ಪಡೆದವರಲ್ಲಿ ಶೇ 4.4 ಮಂದಿಗೆ, ಉಳಿದವರಲ್ಲಿ ಶೇ 14.4 ಮಂದಿಗೆ ಖಿನ್ನತೆ ಬಂದಿತ್ತು. 2019ರಲ್ಲಿ ಪ್ರಕಟವಾಯಿತು. ಪಿಂಚಣಿ ಅರ್ಜಿಯನ್ನು ಖಿನ್ನತೆಯ ಚಿಕಿತ್ಸೆಯೊಳಗೆ ಸೇರಿಸಿದ್ದು ನನಗೆ ಬಹಳ ಇಷ್ಟವಾದದ್ದು. ಅಡಿಕೆ ದುಡ್ಡಿನ ಚಿಂತೆಯಲ್ಲಿ ಮಲಗಿದವರಿಗೆ ಬರೀ ‘ಧೈರ್ಯವಾಗಿರಿ’ ಎಂದರೆ ಏನು ಪ್ರಯೋಜನ?

ಸಿದ್ದಾಪುರದ ಸೊಸೆ

ಒಂದು ಎಚ್ಚರ. ನಮ್ಮ ಅತ್ತೆಗೆ ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಹೀಗೆಯೇ ಮೌನವಾದರು. ಮಂಪರು, ಮಾತಿಲ್ಲ, ಊಟವಿಲ್ಲ. ಮೂಳೆ ಮುರಿದದ್ದಕ್ಕೆ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ನಾವೆಲ್ಲ ಧೈರ್ಯ ಹೇಳುತ್ತ ಕೂತೆವು. ರಾತ್ರಿಪಾಳಿಯ ನರ್ಸ್ ಒಬ್ಬರು ಬಂದು ವಾರಗಳ ಹೆಸರನ್ನು ಹಿಂದಿನಿಂದ ಮುಂದಕ್ಕೆ ಹೇಳಿಸಿದರು. ಶನಿವಾರ, ಶುಕ್ರವಾರದವರೆಗೆ ಹೋಗಿ ಅತ್ತೆ ಮತ್ತೆ ಭಾನುವಾರಕ್ಕೆ ಬಂದರು, ಆಮೇಲೆ ಎಲ್ಲಿದ್ದೇನೆ ಎಂದು ಕೇಳಿದರು. ಅದು ಖಿನ್ನತೆಯಾಗಿರಲಿಲ್ಲ. ಮೂತ್ರದ ಸೋಂಕಿನಿಂದ ಬಂದ ಚಿತ್ತಭ್ರಮೆ. ಕೂಗಾಡಿದರೆ ಮಾತ್ರ ಭ್ರಮೆ ಎಂದುಕೊಂಡಿದ್ದೆವು, ಸುಮ್ಮನೆ ಮಲಗಿಸುವ ಭ್ರಮೆಯೂ ಇದೆಯಂತೆ. ಸೋಂಕಿಗೆ ಔಷಧಿ ಕೊಟ್ಟ ಮೇಲೆ ನಾಲ್ಕೈದು ದಿನಕ್ಕೆ ಸರಿಯಾದರು.

ಹೊನ್ನಾವರದ ವೈದ್ಯ

ಬಹಳ ಮುಖ್ಯವಾದದ್ದನ್ನು ಬರೆದಿರಿ, ನಾನು ಮೊದಲೇ ಹೇಳಬೇಕಿತ್ತು. ಒಂದೆರಡು ದಿನದಲ್ಲಿ ದಿಢೀರನೆ ಬಂದರೆ, ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ಹದಗೆಟ್ಟರೆ, ಮಾತಿನ ಎಳೆ ತಪ್ಪುತ್ತಿದ್ದರೆ ಚಿತ್ತಭ್ರಮೆ ಎಂದೇ ಮೊದಲು ಹುಡುಕಬೇಕು. ಅದು ತುರ್ತು. ಖಿನ್ನತೆ ವಾರಗಳಲ್ಲಿ ನಿಧಾನವಾಗಿ ಕವಿಯುತ್ತದೆ, ಎರಡು ವಾರವಾದರೂ ಬಿಡದೆ ಇರುತ್ತದೆ.

ಅಂಕೋಲೆಯ ಮೇಷ್ಟರು

ಮೂರು ದಿನದಿಂದ ಈ ಚರ್ಚೆಯನ್ನು ಎರಡೆರಡು ಸಲ ಓದಿದೆ. ತಾನಾಗಿ ಸರಿಹೋಯಿತು ಎಂದು ಬರೆದಿದ್ದೆ. ನನ್ನ ಹೆಂಡತಿಗೆ ಅದನ್ನು ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು, ‘ಒಂದು ತಿಂಗಳಲ್ಲ, ಎಂಟು ತಿಂಗಳು’ ಎಂದಳು. ‘ತಾನಾಗಿಯೂ ಅಲ್ಲ. ದಿನಾ ಸಂಜೆ ಆ ಹುಡುಗ ಬಂದು ಬೇಲೆಗೆ, ಸಮುದ್ರದಂಡೆಗೆ, ನಡೆಸಿಕೊಂಡು ಹೋಗದಿದ್ದರೆ ನೀವು ಎದ್ದೇ ಇರುತ್ತಿರಲಿಲ್ಲ.’ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಅವನ ಹೆಸರು ಇಲ್ಲಿ ಬೇಡ. ಆ ಎಂಟು ತಿಂಗಳಲ್ಲಿ ಏಳು ನನ್ನ ನೆನಪಿನಲ್ಲಿಯೇ ಇಲ್ಲ.

ದುಃಖವೆಲ್ಲ ಕಾಯಿಲೆಯಲ್ಲ ಎಂಬ ಮಾತನ್ನು ಈಗಲೂ ಹಿಂದೆಗೆದುಕೊಳ್ಳುವುದಿಲ್ಲ. ನನ್ನದು ಬರೀ ದುಃಖವಾಗಿರಲಿಲ್ಲ ಎಂದು ಮಾತ್ರ ಈಗ ಅನ್ನಿಸುತ್ತಿದೆ.

ತೋಟದಂಚು, ಶಿರಸಿ

ಹತ್ತು ವಾರದ ಮೇಲೆ ಬರೆಯುತ್ತಿದ್ದೇನೆ. ಹಲವರು ಕೇಳಿದ್ದೀರಿ.

ಮನೋವೈದ್ಯರು ಮುಕ್ಕಾಲು ಗಂಟೆ ಮಾತನಾಡಿದರು, ಖಿನ್ನತೆ ಹೌದು ಎಂದರು. ಮಾತ್ರೆಯನ್ನು ತಕ್ಷಣ ಶುರು ಮಾಡಲಿಲ್ಲ. ಬಿ12 ಬಹಳ ಕಡಿಮೆ ಇತ್ತು, ಇಂಜೆಕ್ಷನ್ ಕೊಟ್ಟರು. ಇನ್ನೊಂದು ಸಣ್ಣ ವಿಷಯ ಸಿಕ್ಕಿತು. ನೀರು ಹೋಗುವ ಮಾತ್ರೆಯ ಎರಡನೆಯ ಸರದಿಯನ್ನು ನಾವು ರಾತ್ರಿ ಊಟವಾದ ಮೇಲೆ ಕೊಡುತ್ತಿದ್ದೆವು. ರಾತ್ರಿಯಿಡೀ ಮೂತ್ರಕ್ಕೆ ಏಳಬೇಕು, ಪ್ರತಿ ಸಲ ನನ್ನನ್ನು ಎಬ್ಬಿಸಬೇಕು, ಎಬ್ಬಿಸಲು ಸಂಕೋಚ, ಹಾಗಾಗಿ ನಿದ್ರೆಯೇ ಇಲ್ಲ. ವೈದ್ಯರು ಅದನ್ನು ಮಧ್ಯಾಹ್ನ ಮೂರಕ್ಕೆ ಬದಲಿಸಿದರು. ಮೂರನೆಯ ರಾತ್ರಿ ಅಪ್ಪಯ್ಯ ಐದು ಗಂಟೆ ನಿದ್ರೆ ಮಾಡಿದರು. ತಿಂಗಳುಗಟ್ಟಲೆ ನಾವು ತಪ್ಪು ಹೊತ್ತಿಗೆ ಕೊಟ್ಟ ಒಂದು ಮಾತ್ರೆ ಅವರ ರಾತ್ರಿಗಳನ್ನೆಲ್ಲ ತಿಂದಿತ್ತು.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಮಳೆಯ ನೋಟ್‌ಬುಕ್ ತಂದುಕೊಟ್ಟರೆ ಎದ್ದು ಕೂರುತ್ತಾರೆ ಎಂದು ಬಹಳ ಆಸೆಯಿಂದ ತರಿಸಿದೆ. ತೆರೆದು, ಆಸ್ಪತ್ರೆ ಸೇರಿದಾಗಿನಿಂದ ಸಾಲುಗಳೆಲ್ಲ ಖಾಲಿ ಇರುವುದನ್ನು ನೋಡಿ, ಮುಚ್ಚಿ ಪಕ್ಕಕ್ಕಿಟ್ಟರು. ಆ ದಿನ ಊಟ ಮಾಡಲಿಲ್ಲ.

ಮನೆಗೆ ಬಂದು ಐದು ವಾರ ಫೋನಿನಲ್ಲಿ ಆಪ್ತಸಮಾಲೋಚನೆ ನಡೆಯಿತು. ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಎರಡು ಸಲ ಹೋಗಿಬಂದೆವು. ಆರನೆಯ ವಾರದಲ್ಲಿ ಮತ್ತೆ ಕುಸಿದರು, ಆಗ ಸಣ್ಣ ಪ್ರಮಾಣದಲ್ಲಿ ಮಾತ್ರೆ ಶುರುವಾಯಿತು, ಸೋಡಿಯಂ ನೋಡುತ್ತಿದ್ದಾರೆ. ಪೂರ್ತಿ ಮೊದಲಿನಂತೆ ಆಗಿಲ್ಲ. ಮಧ್ಯಾಹ್ನದ ಹೊತ್ತು ಇನ್ನೂ ಭಾರವಾಗಿಯೇ ಕಳೆಯುತ್ತದೆ. ಲೆಕ್ಕದ ಪುಸ್ತಕವನ್ನು ನಾವು ಅವರ ಎದುರಿಗೇ ತೆರೆದೆವು, ಸಾಲ ಎಷ್ಟು, ಅಡಿಕೆ ಎಷ್ಟು ಎಂದು ಎಲ್ಲವನ್ನೂ. ಮುಚ್ಚಿಡುವುದಕ್ಕಿಂತ ಅದು ಒಳ್ಳೆಯದಾಯಿತು. ಅವರು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಸಾಲ ನಿಜವಾದದ್ದಕ್ಕಿಂತ ದೊಡ್ಡದಾಗಿತ್ತು. ಮೊನ್ನೆ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ಕೂಲಿಯ ವಿಷಯದಲ್ಲಿ ತಮ್ಮನ ಜೊತೆ ಜೋರಾಗಿ ಜಗಳವಾಡಿದರು. ಆಯಿ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದರು.

ಹಳೆಯ ವಾರ್ಡಿನವಳು, ಕುಮಟಾ

ಮಾತ್ರೆಯ ಹೊತ್ತಿನ ವಿಷಯ ಬರೆದದ್ದು ಒಳ್ಳೆಯದಾಯಿತು. ಬಿಡುಗಡೆಯ ಚೀಟಿಯಲ್ಲಿ ‘ದಿನಕ್ಕೆ ಎರಡು’ ಎಂದಷ್ಟೇ ಇರುತ್ತದೆ, ಎಷ್ಟು ಗಂಟೆಗೆ ಎಂದು ಯಾರೂ ಬರೆಯುವುದಿಲ್ಲ. ಈ ಚರ್ಚೆಯನ್ನು ಓದುತ್ತಿರುವ ನರ್ಸ್ ಮಕ್ಕಳಿಗೆ ಹೇಳುತ್ತೇನೆ: ಬರೆಯಿರಿ.

ಕಾಳಿತೀರ, ಅಮ್ಮ ಹೇಗಿದ್ದಾರೆ?

ಕಾಳಿತೀರ, ಕಾರವಾರ

ಕೊಂಕಣಿ ಬಲ್ಲವರು ಸಿಕ್ಕರು. ಅಮ್ಮ ಇನ್ನೂ ಡಯಾಲಿಸಿಸ್‌ಗೆ ಬರುತ್ತಿದ್ದಾರೆ. ದಸರೆಯವರೆಗೆ ಬರುತ್ತೇನೆ, ಆಮೇಲೆ ಮತ್ತೆ ಕೇಳು ಎಂದಿದ್ದಾರೆ. ಕೇಳುತ್ತೇನೆ ಎಂದು ಒಪ್ಪಿದ್ದೇನೆ.

ಅಂಕೋಲೆಯ ಮೇಷ್ಟರು

ವೈದ್ಯರೇ, ಬಿ12 ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ? ಹೆಂಡತಿ ನಾಳೆಯೇ ಹೊರಡಿಸುತ್ತಿದ್ದಾಳೆ.